ಒಮ್ಮೆಗೇ ಹೂಡುವುದೋ, ತಿಂಗಳು ತಿಂಗಳು ಕೂಡಿಸುವುದೋ?

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ತೋಡಾರಿನಂತಹ ಊರುಗಳಲ್ಲಿ ಹಣವು ಎರಡು ಬಗೆಯಾಗಿ ಮನೆ ಸೇರುತ್ತದೆ. ನೌಕರಿಯಲ್ಲಿರುವವರಿಗೆ ತಿಂಗಳ ಸಂಬಳವಾಗಿ. ಅಡಿಕೆ ಬೆಳೆದವರಿಗೆ, ಒಣಗಿಸಿ ಸುಲಿದು ಮಾರಿದ ದಿನ ಒಂದೇ ಗಂಟಾಗಿ. ಮ್ಯೂಚುವಲ್ ಫಂಡಿನಲ್ಲಿ ಮೊದಲ ಬಾರಿಗೆ ಹಣ ತೊಡಗಿಸಬಯಸುವವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ. ಸಂಬಳದಾರನಿಗೆ ಆಯ್ಕೆಯೇ ಇಲ್ಲ; ಬಂದಂತೆ ಕಟ್ಟಬೇಕು. ಚಿಂತೆಯೆಲ್ಲ ಗಂಟು ಕೈಗೆ ಬಂದವರದು.

ಕಂತಿನ ಉಳಿತಾಯ ನಮ್ಮ ಕರಾವಳಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಆರಂಭಗೊಂಡು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿಯೇ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುತ್ತಿದ್ದರು. (ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ಇಂದಿನ ಎಸ್‌ಐಪಿಯದೂ ಅದೇ ಶಿಸ್ತು. ಆದರೆ ಪಿಗ್ಮಿಯು ಠೇವಣಿ. ಷೇರು ಫಂಡಿನಲ್ಲಾದರೋ ಅಸಲೇ ಕರಗಲೂಬಹುದು. ಈ ಭೇದವನ್ನು ಮನೆಯವರೆಲ್ಲ ಅರಿತ ಮೇಲೆಯೇ ಮುಂದುವರಿಯುವುದು ಲೇಸು.

ಕಂತು ಯಾವಾಗಲೂ ಲಾಭಕರವೆಂಬ ಮಾತು ಪೂರ್ಣ ನಿಜವಲ್ಲ. ಮೂರು ಸಾವಿರ ರೂಪಾಯಿ ಇದೆಯೆನ್ನಿ. ಯೂನಿಟ್ಟಿನ ಬೆಲೆ 100 ರೂಪಾಯಿ. ಒಮ್ಮೆಗೇ ಹೂಡಿದರೆ 30 ಯೂನಿಟ್ಟು ದೊರೆಯುತ್ತವೆ. ಸಾವಿರದಂತೆ ಮೂರು ತಿಂಗಳು ಕಟ್ಟುವಾಗ ಬೆಲೆ 100, 80, 125 ಎಂದು ಇಳಿದು ಏರಿದರೆ ಮೂವತ್ತೂವರೆ ಯೂನಿಟ್ಟು. 100, 110, 125 ಎಂದು ಏರುತ್ತಲೇ ಹೋದರೆ 27ಕ್ಕೆ ತುಸು ಮೇಲಷ್ಟೆ. ಅಮೆರಿಕದ ವ್ಯಾನ್‌ಗಾರ್ಡ್ ಸಂಸ್ಥೆಯು 2012ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳ ಹಳೆಯ ಅಂಕಿಗಳನ್ನು ಪರಿಶೀಲಿಸಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಿ ಒಮ್ಮೆಗೇ ಹೂಡಿದವರೇ ಮುಂದಿದ್ದರು.

ಉಳಿದ ಒಂದು ಪಾಲು ಎಂತಹುದೆಂಬುದನ್ನು 2008 ತೋರಿಸಿತು. ಆ ಜನವರಿಯಲ್ಲಿ 21,000ವನ್ನು ದಾಟಿದ್ದ ಸೆನ್ಸೆಕ್ಸ್ 2009ರ ಮಾರ್ಚಿನಲ್ಲಿ 8,200ಕ್ಕೂ ಕೆಳಗಿಳಿಯಿತು; ಮರಳಿ 21,000 ಮುಟ್ಟಿದ್ದು 2010ರ ನವೆಂಬರಿನಲ್ಲಿ. ಅಷ್ಟು ಕಾಲ ಎದೆಗುಂದದೆ ಕಾದವರು ಉಳಿದರು. ಹೊಸಬನು ಸಾಮಾನ್ಯವಾಗಿ ಕಾಯುವುದಿಲ್ಲ, ಹೆದರಿ ತಳದಲ್ಲಿ ಮಾರುತ್ತಾನೆ. ಆದುದರಿಂದ ಲೆಕ್ಕವು ಒಂದನ್ನು ಹೇಳಿದರೂ ಹೊಸಬರಿಗೆ ಕಂತೇ ಸರಿಯೆಂಬುದು ನಮ್ಮ ಅಭಿಪ್ರಾಯ.

ಕೂಡಿಡುವುದು ಶರಣಧರ್ಮಕ್ಕೆ ಒಪ್ಪುವುದೇ ಎಂದು ಹಿರಿಯರು ಶಂಕಿಸುವುದುಂಟು. ಎಂದಿನದಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಮಾರಯ್ಯನಿಂದ ಹಿಂದಕ್ಕೆ ಕಳುಹಿಸಿದ ಕಥೆ ಮನೆಮನೆಗೂ ಗೊತ್ತು. ಮಗಳ ಓದಿಗೆಂದು ಕಾಯಕದ ಫಲದಿಂದ ತೆಗೆದಿಡುವುದು ಆ ಅತಿಯಾಸೆಯ ಸಾಲಿಗೆ ಸೇರದೆಂದೇ ನಮ್ಮ ತಿಳಿವಳಿಕೆ. ಸಾಲ ಮಾಡಿ ಷೇರಿಗೆ ಸುರಿಯುವುದು ಸೇರುತ್ತದೆ.

ಇನ್ನು ಅಡಿಕೆಯ ಗಂಟು. ಕೊಳೆರೋಗ ಬಂದ ವರ್ಷ ಬೆಳೆಯೇ ಕೈಕೊಡುವುದರಿಂದ, ಮುಂದಿನ ಬೆಳೆಯವರೆಗಿನ ಮನೆಖರ್ಚು, ಔಷಧ ಸಿಂಪಡಣೆ, ಕೂಲಿಗಳ ಹಣವನ್ನು ಮೊದಲು ಬ್ಯಾಂಕಿನಲ್ಲಿಯೇ ಉಳಿಸಿಕೊಳ್ಳಬೇಕು. ಐದು ವರ್ಷಗಳೊಳಗೆ ಬೇಕಾಗುವ ಮದುವೆ, ಶುಲ್ಕಗಳ ಹಣವೂ ಠೇವಣಿಯಲ್ಲಿರಲಿ. ಮಿಕ್ಕುದನ್ನು ಲಿಕ್ವಿಡ್ ಫಂಡಿನಲ್ಲಿಟ್ಟು, ಹನ್ನೆರಡು ತಿಂಗಳುಗಳಲ್ಲಿ ಸಮಪಾಲಾಗಿ ಷೇರು ಫಂಡಿಗೆ ವರ್ಗಾಯಿಸುವಂತೆ ಬರೆದುಕೊಡಬಹುದು. ಇದನ್ನು ಎಸ್‌ಟಿಪಿ ಎನ್ನುತ್ತಾರೆ. ಪ್ರತಿ ವರ್ಗಾವಣೆಯೂ ತೆರಿಗೆಯ ಲೆಕ್ಕದಲ್ಲಿ ಮಾರಾಟವೇ ಆಗುವುದರಿಂದ, ಫಂಡಿನವರು ಕಳುಹಿಸುವ ವಿವರಪಟ್ಟಿಯನ್ನು ಅಡಿಕೆಯ ಚೀಟಿಗಳೊಡನೆ ಜೋಪಾನವಾಗಿ ಇರಿಸಿಕೊಳ್ಳಬೇಕು.