ಗೊಬ್ಬರದ ಬಿಸಿ ಅಳೆದವರು ಯಾರು?

ಯಲಹಂಕ, ಹೆಬ್ಬಾಳದ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ದಿನಾ ಎರಡು ಬಗೆಯ ಕೊಳೆಯುವ ಸರಕು ಸಿಗುತ್ತದೆ. ಒಂದು, ಅಡುಗೆಮನೆಯ ಹಸಿ ಕಸ. ಇನ್ನೊಂದು, ಎಸ್‌ಟಿಪಿಯ ತಳದಲ್ಲಿ ಉಳಿಯುವ ಕೆಸರು. ಎರಡನ್ನೂ ಸೇರಿಸಿ ಗೊಬ್ಬರ ಮಾಡಬಹುದಾ? ಖಂಡಿತ ಮಾಡಬಹುದು. ಆದರೆ ಒಂದು ಷರತ್ತಿದೆ.

ಪಕ್ಕದ ದೇವನಹಳ್ಳಿಯನ್ನೇ ನೋಡಿ. ಒಳಚರಂಡಿ ಇಲ್ಲದ ಪಟ್ಟಣದಲ್ಲಿ ಶೌಚಗುಂಡಿಗಳಿಂದ ಹನಿಸಕ್ಕರ್ ಲಾರಿಗಳು ಹೀರುವ ಮಲವನ್ನು ಸಂಸ್ಕರಿಸಲು 2015ರಲ್ಲಿ ಒಂದು ಘಟಕ ಶುರುವಾಯಿತು. ಸಿಡಿಡಿ ಸೊಸೈಟಿ ರೂಪಿಸಿದ ಅದರ ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಅಲ್ಲಿ ಒಣಗಿದ ಕೆಸರನ್ನು ಊರಿನ ಹಸಿ ಕಸದ ಜೊತೆ ಬೆರೆಸಿ ಗೊಬ್ಬರ ಮಾಡುವ ಕೆಲಸವೂ ನಡೆದಿದೆ.

ಬೆರೆಸೋದು ಯಾಕೆ? ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಕೆಸರಿನಲ್ಲಿ ಇಂಗಾಲ ಅದಕ್ಕಿಂತ ತೀರಾ ಕಡಿಮೆ. ಹಾಗೇ ಬಿಟ್ಟರೆ ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಬಡಿಯುತ್ತದೆ. ಹಸಿ ಕಸ, ಒಣ ಎಲೆ, ಮರದ ಹೊಟ್ಟು ಸೇರಿದರೆ ಊಟ ಸಮವಾಗುತ್ತದೆ, ರಾಶಿಯೊಳಗೆ ಗಾಳಿಯೂ ಆಡುತ್ತದೆ.

ಮೊದಲು ಕೆಲಸಕ್ಕಿಳಿಯುವುದು ಸಾಧಾರಣ ಉಷ್ಣತೆಯ ಬ್ಯಾಕ್ಟೀರಿಯಾ. ಸಕ್ಕರೆ, ಪಿಷ್ಟ ತಿಂದು ಅವು ಬಿಡುವ ಶಾಖಕ್ಕೆ ಕೆಲವೇ ದಿನಗಳಲ್ಲಿ ರಾಶಿ 45 ಡಿಗ್ರಿ ದಾಟುತ್ತದೆ. ಆ ಬಿಸಿ ಅವಕ್ಕೇ ತಡೆಯದು. ಆಗ ಬ್ಯಾಸಿಲಸ್‌ನಂಥ ಶಾಖಪ್ರಿಯ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸುತ್ತವೆ. ರಾಶಿ ತಣಿದ ಮೇಲೆ ಶಿಲೀಂಧ್ರಗಳೂ ಆಕ್ಟಿನೋಮೈಸೀಟ್‌ಗಳೂ ಗಟ್ಟಿ ನಾರನ್ನು ಒಡೆಯುತ್ತವೆ. ಮಾಗಿದ ಗೊಬ್ಬರದ ಮಣ್ಣಿನ ವಾಸನೆ ಆಕ್ಟಿನೋಮೈಸೀಟ್‌ಗಳ ಕೊಡುಗೆ.

ನಮ್ಮ ಆರೋಗ್ಯದ ಪ್ರಶ್ನೆ ಇರೋದು ನಡುವಿನ ಬಿಸಿ ಹಂತದಲ್ಲಿ. ಮಲದಲ್ಲಿ ಸಾಲ್ಮೊನೆಲ್ಲಾ ಇರಬಹುದು, ಜಂತುಹುಳುವಿನ ಮೊಟ್ಟೆ ಇರಬಹುದು. ಈ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಅಮೆರಿಕದ ನಿಯಮದ ಪ್ರಕಾರ, ಸಾಲುರಾಶಿಯಲ್ಲಿ ಕನಿಷ್ಠ 15 ದಿನ 55 ಡಿಗ್ರಿ ಅಥವಾ ಹೆಚ್ಚು ಬಿಸಿ ಇರಬೇಕು, ಆ ಅವಧಿಯಲ್ಲಿ ಐದು ಸಲ ಮಗುಚಬೇಕು. ಮಗುಚದಿದ್ದರೆ ತಣ್ಣಗಿನ ಹೊರಪದರದಲ್ಲಿ ರೋಗಾಣು ಉಳಿದೇ ಉಳಿಯುತ್ತವೆ.

ಆದ್ದರಿಂದ ಕಪ್ಪು ಬಣ್ಣ, ವಾಸನೆ ಇಲ್ಲ ಅನ್ನೋದನ್ನೇ ನೋಡಿ ಸರ್ಟಿಫಿಕೇಟ್ ಕೊಡಬೇಡಿ. ಇನ್ನೊಂದು ಮಿತಿಯೂ ಇದೆ. ಕ್ಯಾಡ್ಮಿಯಂ, ಸೀಸದಂಥ ಲೋಹಗಳನ್ನು ಯಾವ ಸೂಕ್ಷ್ಮಜೀವಿಯೂ ನಾಶಮಾಡಲಾರದು. ಕಾರ್ಖಾನೆಯ ನೀರು ಸೇರಿದ ಕೆಸರಿಗೂ ಬರೀ ಮನೆಗಳ ಕೆಸರಿಗೂ ಇರುವ ವ್ಯತ್ಯಾಸ ಇದೇ.

ಈ ಗೊಬ್ಬರ ಹೋಗುವುದು ಹೊಲಕ್ಕೆ. ಅದನ್ನು ಬರಿಗೈಯಲ್ಲಿ ಎರಚುವವರು ರೈತರು, ಕೂಲಿಯವರು. ಅಲ್ಲಿ ಬೆಳೆದ ಸೊಪ್ಪು, ಮೂಲಂಗಿ ವಾಪಸ್ ಬರುವುದು ನಮ್ಮ ತಟ್ಟೆಗೆ. ಹಾಗಾಗಿ ಅಪಾರ್ಟ್‌ಮೆಂಟ್ ಸಂಘವಾಗಲಿ, ಪುರಸಭೆಯಾಗಲಿ, ಗೊಬ್ಬರ ಕೊಡುವಾಗ ಎರಡು ಕಾಗದವನ್ನೂ ಕೊಡಬೇಕು: ದಿನದಿನದ ಉಷ್ಣತೆಯ ದಾಖಲೆ, ಲೋಹ ಮತ್ತು ರೋಗಾಣು ಪರೀಕ್ಷೆಯ ವರದಿ. ಅದನ್ನು ಕೇಳುವುದು ರೈತರ ಹಕ್ಕು. ಒಂದು ಉದ್ದ ಕಡ್ಡಿಯ ಥರ್ಮಾಮೀಟರ್ ಯಾವ ಸಂಘಕ್ಕೂ ಭಾರವಲ್ಲ.