ಹಳೆಯ ಸ್ಪೋರ್ಟ್ಸ್ ಕಾರಿನ ಲೆಕ್ಕ: ಮಾಲೀಕನ ಖರ್ಚು, ಕಾರ್ಯಾಗಾರದ ಅವಕಾಶ

ಹಳೆಯ ಯಂತ್ರವನ್ನು ಕೈಬಿಡದೆ ನಡೆಸಿಕೊಂಡು ಬರುವ ವಿದ್ಯೆ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಹೊಸದಲ್ಲ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ನಂದಿದುರ್ಗ, ಚಾಂಪಿಯನ್ ರೀಫ್ ಮತ್ತು ಮೈಸೂರು ಗಣಿಗಳು ಬ್ರಿಟನ್ನಿನಿಂದ ತರಿಸಿದ ಯಂತ್ರಗಳ ಬಲದಿಂದ ನಡೆದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿದು ಬಂದಿತು. ಬಿಡಿಭಾಗವೊಂದು ಹಡಗಿನಲ್ಲಿ ಬರುವವರೆಗೆ ಗಣಿಯ ಕೆಲಸವನ್ನು ನಿಲ್ಲಿಸುವಂತಿರಲಿಲ್ಲವಾದ್ದರಿಂದ ಎರಕ, ಕಮ್ಮಟ, ಲೇತ್ ಮತ್ತು ಫಿಟ್ಟಿಂಗ್ ಕೆಲಸಗಳು ಗಣಿಯೊಡನೆಯೇ ಬೆಳೆದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಆ ಕೈಚಳಕಕ್ಕೆ ಹೊಸ ಗಿರಾಕಿ ಯಾರು ಎಂಬ ಪ್ರಶ್ನೆ ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಯವರೆಗಿನ ಕಿರು ಕಾರ್ಯಾಗಾರಗಳ ಮುಂದೆ ಇದ್ದೇ ಇದೆ.

ಈ ಪ್ರಶ್ನೆಗೆ ಇರುವ ಹಲವು ಉತ್ತರಗಳಲ್ಲಿ ಒಂದು ಸಣ್ಣ ಉತ್ತರ ಹಳೆಯ ಕಾರುಗಳಲ್ಲಿದೆ. ಕೇವಲ 100 ಕಿ.ಮೀ. ದೂರದ ಬೆಂಗಳೂರಿನಲ್ಲಿ ಹಳೆಯ ಕಾರುಗಳ ಹವ್ಯಾಸಿಗಳ ಸಂಘಗಳು ಸಕ್ರಿಯವಾಗಿವೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳಿಗಾಗಿ 2023ರಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ವಸ್ತುಸಂಗ್ರಹಾಲಯವೇ ತೆರೆದಿದೆ. ಇಂತಹ ವಾಹನಗಳಲ್ಲಿ ಹೆಚ್ಚು ಆಕರ್ಷಕವಾದದ್ದೂ ಹೆಚ್ಚು ಖರ್ಚು ಬೇಡುವುದೂ ಸ್ಪೋರ್ಟ್ಸ್ ಕಾರು. ಅದನ್ನು ಇಟ್ಟುಕೊಳ್ಳಬಯಸುವ ವರ್ತಕರಿಗೂ ಅದಕ್ಕೆ ಭಾಗ ಮಾಡಿಕೊಡಬಲ್ಲ ತಯಾರಕರಿಗೂ ಅದರ ಲೆಕ್ಕ ತಿಳಿದಿರುವುದು ಒಳಿತು.

ಎರಡು ಬಗೆಯ ಕಾರುಗಳು

ಹಗುರವಾದ ಮೈ, ಸಾಮಾನ್ಯವಾಗಿ ಎರಡೇ ಆಸನ, ನೆಲಕ್ಕೆ ಹತ್ತಿರವಾದ ನಿಲುವು, ಚುರುಕಾದ ಸ್ಟಿಯರಿಂಗ್ – ಇವು ಸ್ಪೋರ್ಟ್ಸ್ ಕಾರಿನ ಲಕ್ಷಣಗಳು. ಭಾರತದಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಎಂದೊಡನೆ ನೆನಪಾಗುವುದು ಬ್ರಿಟನ್ನಿನ ಎಂ.ಜಿ. ಮತ್ತು ಟ್ರಯಂಫ್. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರಿನಲ್ಲಿ 1250 ಸಿ.ಸಿ. ಎಂಜಿನ್ ಇದ್ದು, ಅದರ ಮೈಯ ತಗಡಿನ ಒಳಗೆ ಮರದ ಚೌಕಟ್ಟಿದೆ. ಆದ್ದರಿಂದ ಅಂತಹ ಕಾರಿಗೆ ಮೆಕ್ಯಾನಿಕ್‌ನೊಡನೆ ಒಳ್ಳೆಯ ಬಡಗಿಯೂ ಬೇಕು.

ಎರಡನೆಯ ಬಗೆ ನಮ್ಮ ಹತ್ತಿರದ್ದು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಹೊರತಂದ ‘ಸ್ಯಾನ್ ಸ್ಟಾರ್ಮ್’ ಎರಡು ಆಸನಗಳ, ಮೇಲ್ಛಾವಣಿ ಮಡಚಬಹುದಾದ ಕಾರು. ಅದರ ಮೈ ಫೈಬರ್‌ನದು. ಎಂಜಿನ್ 1149 ಸಿ.ಸಿ.ಯ ರೆನೋ. ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಫೈಬರ್ ಮೈಗೆ ತುಕ್ಕಿನ ಭಯವಿಲ್ಲ. ಆದರೆ ಬಿರುಕು ಬಿಟ್ಟರೆ ಅಂಗಡಿಯಲ್ಲಿ ಬಾಗಿಲು, ಬಾನೆಟ್ ದೊರೆಯುವುದಿಲ್ಲ. ಅಚ್ಚು ತೆಗೆದು ಹೊಸದಾಗಿ ಎರೆಯಬಲ್ಲವರೇ ಅದಕ್ಕೆ ಆಧಾರ.

ನಿಂತಿದ್ದರೂ ಖರ್ಚು

ಹೊಸ ಕಾರಿನ ಖರ್ಚು ಅದು ಓಡಿದಷ್ಟು. ಹಳೆಯ ಕಾರಿನ ಖರ್ಚು ಅದು ಬದುಕಿದಷ್ಟು. ಇದನ್ನು ಅರಿಯದವರೇ ಹೆಚ್ಚಾಗಿ ಕಷ್ಟಕ್ಕೆ ಸಿಲುಕುತ್ತಾರೆ. ಷೆಡ್ಡಿನಲ್ಲಿ ಹೊದಿಕೆಯ ಕೆಳಗೆ ನಿಂತಿರುವಾಗಲೂ ರಬ್ಬರ್ ಗಟ್ಟಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಸಾಮಾನ್ಯ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಂಡು ಬ್ರೇಕ್ ಸಿಲಿಂಡರಿನ ಒಳಗೆ ತುಕ್ಕು ಹಿಡಿಸುತ್ತದೆ. ಅದರ ಕುದಿಯುವ ಬಿಂದುವೂ ಕೆಳಗಿಳಿಯುತ್ತದೆ. ಕಾರು ಎಷ್ಟೇ ಕಡಿಮೆ ಓಡಿದ್ದರೂ ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸುವುದು ಕ್ಷೇಮ.

ಟೈರಿನ ವಿಷಯವೂ ಹೀಗೆಯೇ. ಗುಂಡಿಗಳು ಆಳವಾಗಿ ಕಾಣುತ್ತವೆಂಬ ಮಾತ್ರಕ್ಕೆ ಟೈರು ಒಳ್ಳೆಯದೆನ್ನಲಾಗದು. 2000ದಿಂದ ಈಚೆಗೆ ತಯಾರಾದ ಟೈರುಗಳ ಬದಿಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. ‘2319’ ಎಂದಿದ್ದರೆ ಅದು 2019ರ 23ನೆಯ ವಾರದ ಟೈರು. ಹಳೆಯ ಕಾರು ಕೊಳ್ಳುವವರು ಬಣ್ಣವನ್ನು ನೋಡುವ ಮೊದಲು ಈ ಅಂಕಿಯನ್ನು ನೋಡಬೇಕು.

ಇಂಧನದಿಂದ ಎರಡು ಬಗೆಯ ತೊಂದರೆಗಳಿವೆ. ಮೊದಲನೆಯದು ಸೀಸದ್ದು. ಹಳೆಯ ಎಂಜಿನ್‌ಗಳ ವಾಲ್ವ್ ಸೀಟುಗಳು ಸೀಸ ಬೆರೆತ ಪೆಟ್ರೋಲಿನ ರಕ್ಷಣೆಯನ್ನು ನಂಬಿ ರೂಪಿತವಾದವು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದ ಮೇಲೆ ಮೆದು ಸೀಟುಗಳು ಬೇಗ ಸವೆಯುವ ಅಪಾಯ ಉಂಟಾಯಿತು. ಸಿಲಿಂಡರ್ ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸುವುದು ಇದಕ್ಕೆ ಶಾಶ್ವತ ಪರಿಹಾರ. ಎರಡನೆಯದು ಎಥೆನಾಲ್‌ನದು. 2023ರಲ್ಲಿ ಆರಂಭವಾಗಿ 2025ರ ವೇಳೆಗೆ ವ್ಯಾಪಕವಾದ ಶೇ. 20ರ ಮಿಶ್ರಣದ ಪೆಟ್ರೋಲ್ ಹಳೆಯ ರಬ್ಬರ್ ಕೊಳವೆ ಮತ್ತು ವಾಷರ್‌ಗಳನ್ನು ಹಾಳುಮಾಡಬಲ್ಲದು. ತೇವ ಹೀರಿ ಟ್ಯಾಂಕಿಗೆ ತುಕ್ಕು ತರಬಲ್ಲದು. ಎಥೆನಾಲ್ ತಡೆಯುವ ರಬ್ಬರಿನ ಕೊಳವೆಗಳನ್ನು ಹಾಕಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಕಾರ್ಬುರೇಟರ್‌ನಿಂದ ಪೆಟ್ರೋಲ್ ಖಾಲಿ ಮಾಡುವುದು ಹೆಚ್ಚಿನ ವೆಚ್ಚವಿಲ್ಲದ ಎಚ್ಚರಿಕೆಗಳು. ಕೊಳವೆ ಒಡೆದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಕಾರೇ ಸುಟ್ಟುಹೋದೀತು.

ಬಿಡಿಭಾಗದ ಬೆಲೆ ಎಲ್ಲಿ ತೀರ್ಮಾನವಾಗುತ್ತದೆ?

ಹಳೆಯ ಕಾರಿನ ಬಿಡಿಭಾಗ ದೊರೆಯುವುದೂ ಅದರ ಬೆಲೆಯೂ ಕಾರಿನ ವಯಸ್ಸಿಗಿಂತ ಹೆಚ್ಚಾಗಿ ಆ ಮಾದರಿ ಎಷ್ಟು ತಯಾರಾಯಿತು ಎಂಬುದನ್ನು ಅವಲಂಬಿಸಿವೆ. ಎಂ.ಜಿ.ಬಿ. ಎಂಬ ಮಾದರಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಗಿರಾಕಿಗಳು ಅಷ್ಟಿದ್ದುದರಿಂದಲೇ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ, ಕಾರಿನ ತಯಾರಿಕೆ ನಿಂತ 8 ವರ್ಷಗಳ ತರುವಾಯ, 1988ರಲ್ಲಿ ಅದರ ಇಡೀ ಮೈಯನ್ನೇ ಹೊಸದಾಗಿ ಮಾಡಿ ಮಾರಲು ತೊಡಗಿತು. ಹೀಗಾಗಿ ಅರ್ಧ ಶತಮಾನ ದಾಟಿದ ಎಂ.ಜಿ.ಬಿ.ಗೆ ಭಾಗ ಹುಡುಕುವುದಕ್ಕಿಂತ, ಅದರ ಅರ್ಧ ವಯಸ್ಸಿನ, ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಹುಡುಕುವುದು ಕಷ್ಟವಾಗಬಹುದು. ‘ಅಗ್ಗದ ಆಸೆಗೆ ಮುಗ್ಗಿದ ಜೋಳ’ ಎಂಬ ಗಾದೆ ವರ್ತಕರಿಗೆ ಹೊಸದಲ್ಲ. ಬೆಲೆ ಕಡಿಮೆಯೆಂದು ಅಪರೂಪದ ಮಾದರಿಯನ್ನು ತಂದವರು ಆ ಉಳಿತಾಯವನ್ನು ಒಂದೇ ಗೇರ್ ಪೆಟ್ಟಿಗೆಯಲ್ಲಿ ಕಳೆದುಕೊಂಡಾರು.

ಒಂದು ಮಾದರಿಯ ಭಾಗ ಇನ್ನೊಂದಕ್ಕೆ ಹೊಂದುವುದನ್ನು ತಿಳಿದಿರುವುದೂ ಹಣ ಉಳಿಸುತ್ತದೆ. 1962ರ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರನ್ನು ಅದೇ ಸಂಸ್ಥೆಯ ಹೆರಾಲ್ಡ್ ಕಾರಿನ ಆಧಾರದ ಮೇಲೆ ರೂಪಿಸಲಾಗಿತ್ತು. ಆ ಹೆರಾಲ್ಡ್ ಕಾರು 1960ರ ದಶಕದಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂಬ ಹೆಸರಿನಲ್ಲಿ ಮದರಾಸಿನಲ್ಲೇ ತಯಾರಾಗುತ್ತಿತ್ತು. ವಿದೇಶದಿಂದ ತರಿಸಿದರೆ ಸಾಗಣೆ, ಸುಂಕ ಮತ್ತು ಜಿ.ಎಸ್.ಟಿ. ಸೇರಿ ಭಾಗದ ಮೂಲಬೆಲೆಯೇ ಮರೆತುಹೋಗುವಂತಾಗುತ್ತದೆ. ಮೋಟಾರು ಬಿಡಿಭಾಗಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18ಕ್ಕೆ ಇಳಿದಿರುವುದು ಸಮಾಧಾನದ ಸಂಗತಿ.

ಸರಕಾರಿ ಶುಲ್ಕ ಮತ್ತು ವಿಮೆ

ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ತರುವಾಯ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ ಪ್ರಕಟವಾದ ಕೇಂದ್ರದ ತಿದ್ದುಪಡಿಯು 20 ವರ್ಷ ಮೀರಿದ ಕಾರಿಗೆ 10,000 ರೂಪಾಯಿ, ಆಮದಾದ ಕಾರಿಗೆ 80,000 ರೂಪಾಯಿ ಶುಲ್ಕವನ್ನು ಗೊತ್ತುಪಡಿಸಿತು. ಆಮದಾದ ಹಳೆಯ ಕಾರು ಕೊಳ್ಳುವವರು ಈ ಮೊತ್ತವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬೇರೆಯ ನಿಯಮ ಬಂದಿದೆ. ಇವುಗಳ ಸಂಖ್ಯೆಯಲ್ಲಿ ‘ವಿ.ಎ.’ ಎಂಬ ಗುರುತಿರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ; ಅವಧಿ 10 ವರ್ಷ. ಚಾಸಿ, ಮೈ ಅಥವಾ ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಮುಖ್ಯವಾಗಿ, ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಹಾಗೂ ದುರಸ್ತಿಯಂತಹ ಉದ್ದೇಶಗಳಿಗಷ್ಟೇ ರಸ್ತೆಗೆ ತರಬಹುದು, ದಿನಬಳಕೆಗೆ ಅವಕಾಶವಿಲ್ಲ.

ವಿಮೆಯಲ್ಲಿ 5 ವರ್ಷ ಮೀರಿದ ಅಥವಾ ತಯಾರಿಕೆ ನಿಂತ ವಾಹನದ ಬೆಲೆಯನ್ನು ಮಾಲೀಕನೂ ವಿಮಾ ಸಂಸ್ಥೆಯೂ ಮಾತನಾಡಿಕೊಂಡು ಗೊತ್ತುಮಾಡಬೇಕಾಗುತ್ತದೆ. ದುರಸ್ತಿಯ ಬಿಲ್ಲುಗಳು, ಛಾಯಾಚಿತ್ರಗಳು ಒಂದು ಕಡತದಲ್ಲಿದ್ದರೆ ಮಾತಿಗೆ ಬಲ ಬರುತ್ತದೆ. ಕಾರು ಮಾರುವಾಗಲೂ ಆ ಕಡತಕ್ಕೆ ಬೆಲೆಯಿದೆ. ಆದರೆ ಇದನ್ನು ಹೂಡಿಕೆಯೆಂದು ಭಾವಿಸುವುದು ತಪ್ಪು. ಸ್ವಂತ ಬಳಕೆಯ ಕಾರು ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯಲ್ಲ. ಮಾರಾಟದಲ್ಲಾದ ನಷ್ಟವನ್ನು ಬೇರೆ ಲಾಭಕ್ಕೆ ವಜಾ ಮಾಡಿಕೊಳ್ಳಲಾಗದು. ವ್ಯಾಪಾರದ ದುಡಿಮೆಯ ಬಂಡವಾಳವನ್ನು ಮುಟ್ಟದೆ, ಕಳೆದುಹೋದರೂ ಮನೆ ನಡೆಯುವಷ್ಟು ಹಣದಲ್ಲಿ ಮಾತ್ರ ಈ ಹವ್ಯಾಸವನ್ನು ಇಟ್ಟುಕೊಳ್ಳಬೇಕು.

ಹಾಗಾದರೆ ಸಂತೋಷವೇನು?

ಇಷ್ಟೆಲ್ಲ ಖರ್ಚಿಗೆ ಪ್ರತಿಫಲ ಹಣದಲ್ಲಿ ಸಿಗುವುದಿಲ್ಲ. ಕಂಪ್ಯೂಟರಿಗೆ ಜೋಡಿಸದೆ ದೋಷ ಹೇಳದ ಇಂದಿನ ಕಾರಿಗೂ ಹಳೆಯದಕ್ಕೂ ವ್ಯತ್ಯಾಸವಿದೆ. ಹಳೆಯ ಕಾರು ತನ್ನ ದೋಷವನ್ನು ಸದ್ದಿನಲ್ಲಿ, ವಾಸನೆಯಲ್ಲಿ, ಸ್ಟಿಯರಿಂಗ್‌ನ ನಡುಕದಲ್ಲಿ ತಾನೇ ತಿಳಿಸುತ್ತದೆ. ಜೋಡಿ ಕಾರ್ಬುರೇಟರ್‌ಗಳನ್ನು ಕಿವಿಗೊಟ್ಟು ಸರಿಹೊಂದಿಸಿ, ಎಂಜಿನ್ ಒಂದೇ ಲಯಕ್ಕೆ ಬಂದ ಗಳಿಗೆಯ ತೃಪ್ತಿಯನ್ನು ಯಂತ್ರದೊಡನೆ ಬದುಕಿದವರಿಗೆ ವಿವರಿಸಬೇಕಾಗಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲೇ ರಸ್ತೆಯ ಅನುಭವವೆಲ್ಲ ಕೈಗೆ ಬರುವುದರಿಂದ ಅತಿವೇಗದ ಅಗತ್ಯವೂ ಇಲ್ಲ. ಸಾಮಾನ್ಯ ನೋಂದಣಿಯ ಕಾರಿನಲ್ಲಿ ಭಾನುವಾರ ಬೆಳಗ್ಗೆ ಬಂಗಾರಪೇಟೆಯಿಂದ ಹೈದರಾಲಿಯ ಹುಟ್ಟೂರಾದ ಬೂದಿಕೋಟೆಯವರೆಗೆ ಹೋಗಿ ಬರುವುದು ಸಾಕು. ತಂದೆಯ ಕಾರನ್ನು ಮಗನೂ ಮಗಳೂ ಬಿಚ್ಚಿ ಜೋಡಿಸಲು ಕಲಿತರೆ ಒಂದು ವಿದ್ಯೆಯೇ ಮನೆಯಲ್ಲಿ ಉಳಿದಂತಾಗುತ್ತದೆ.

ಕಾರ್ಯಾಗಾರ ಬೆಲೆ ಕಟ್ಟುವ ಬಗೆ

ಬುಷ್, ಶಾಫ್ಟ್, ಬ್ರಾಕೆಟ್, ಹಿತ್ತಾಳೆಯ ಫಿಟ್ಟಿಂಗ್, ಎರಕದ ಮುಚ್ಚಳ – ಹಳೆಯ ಕಾರಿನವರು ಹುಡುಕುವ ಅನೇಕ ಭಾಗಗಳನ್ನು ಸಾಧಾರಣ ಲೇತ್ ಮತ್ತು ಮಿಲ್ಲಿಂಗ್ ಯಂತ್ರದಲ್ಲಿ ಮಾಡಬಹುದು. ಹಳೆಯ ಬ್ರಿಟಿಷ್ ಯಂತ್ರಗಳ ಅಭ್ಯಾಸವಿದ್ದವರಿಗೆ ಇಲ್ಲಿ ಅನುಕೂಲವಿದೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಥ್ರೆಡ್‌ನ ಕೋನ 55 ಡಿಗ್ರಿ. ಇಂದಿನ ಮೆಟ್ರಿಕ್ ಥ್ರೆಡ್‌ನದು 60 ಡಿಗ್ರಿ. ಕಣ್ಣಿಗೆ ಒಂದೇ ಎನಿಸಿದರೂ ಬಲವಂತವಾಗಿ ತಿರುಗಿಸಿದರೆ ಅಪರೂಪದ ಎಂಜಿನ್ ಬ್ಲಾಕ್ ಹಾಳಾದೀತು.

ಬೆಲೆ ಹೇಳುವಲ್ಲೇ ಹೆಚ್ಚಿನ ಕಾರ್ಯಾಗಾರಗಳು ಎಡವುವುದು. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಒಂದು ಬುಷ್‌ಗೆ ಅಳತೆ ಮತ್ತು ನಕ್ಷೆಗೆ 3 ಗಂಟೆ, ಯಂತ್ರ ಸಿದ್ಧಪಡಿಸಲು 2 ಗಂಟೆ, ಕಡೆಯಲು 1 ಗಂಟೆ. ಗಂಟೆಗೆ 500 ರೂಪಾಯಿ, ಲೋಹಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ ಅದರ ವೆಚ್ಚ 3,300 ರೂಪಾಯಿ. ಕಡೆಯುವ ಒಂದು ಗಂಟೆಯನ್ನಷ್ಟೇ ಎಣಿಸಿ 800 ರೂಪಾಯಿ ಹೇಳಿದವನಿಗೆ 2,500 ರೂಪಾಯಿ ನಷ್ಟ. ಅದೇ ಬುಷ್ ಹತ್ತು ಮಾಡಿದರೆ ಒಟ್ಟು 15 ಗಂಟೆಗೆ 7,500, ಲೋಹಕ್ಕೆ 3,000 ಸೇರಿ 10,500 ರೂಪಾಯಿ. ಒಂದಕ್ಕೆ 1,050 ಮಾತ್ರ. ಆದ್ದರಿಂದ ಒಬ್ಬ ಮಾಲೀಕನ ಬದಲು ಮಾಲೀಕರ ಸಂಘದೊಡನೆ ವ್ಯವಹರಿಸಿ ಹತ್ತಾರು ಬೇಡಿಕೆಗಳನ್ನು ಒಟ್ಟುಗೂಡಿಸುವುದೇ ಇಬ್ಬರಿಗೂ ಲಾಭ. ನಕ್ಷೆಯನ್ನು ಜೋಪಾನವಾಗಿ ಇಟ್ಟುಕೊಂಡರೆ ಮುಂದಿನ ಬೇಡಿಕೆಗೆ ಆ 3 ಗಂಟೆಗಳೂ ಉಳಿಯುತ್ತವೆ.

ಎರಡು ಎಚ್ಚರಿಕೆಗಳು ಅಗತ್ಯ. ಬ್ರೇಕ್ ಮತ್ತು ಸ್ಟಿಯರಿಂಗ್‌ಗೆ ಸೇರಿದ ಭಾಗಗಳನ್ನು ಲೋಹದ ಗುಣ, ಹದ, ಪರೀಕ್ಷೆಗಳ ಬಗ್ಗೆ ಖಚಿತತೆ ಇಲ್ಲದೆ ಒಪ್ಪಿಕೊಳ್ಳಬಾರದು. ಅಲ್ಲಿನ ತಪ್ಪಿಗೆ ಜೀವವೇ ಬೆಲೆ. ಹಾಗೆಯೇ ಭಾಗವನ್ನು ಮಾಡಿದರೂ ಅದರ ಮೇಲೆ ಮೂಲ ತಯಾರಕರ ಹೆಸರು ಅಥವಾ ಮುದ್ರೆ ಒತ್ತಿದರೆ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ ಉಲ್ಲಂಘನೆಯಾದೀತು. ತಮ್ಮ ಕಾರ್ಯಾಗಾರದ ಹೆಸರನ್ನೇ ಹಾಕುವುದು ಕ್ಷೇಮ. ಒಳ್ಳೆಯ ಕೆಲಸವಾದರೆ ಅದೇ ಜಾಹೀರಾತು.

ಈ ಕೆಲಸ ದೊಡ್ಡ ಕಾರ್ಖಾನೆಯನ್ನು ಸಾಕಲಾರದು; ಇಬ್ಬರು ಮೂವರು ಕುಶಲಕರ್ಮಿಗಳ ಕಾರ್ಯಾಗಾರಕ್ಕೆ ಇತರ ಕೆಲಸಗಳ ಜೊತೆಗೆ ಒಂದು ಆದಾಯವಾಗಬಲ್ಲದು. 2024ರ ಕೊನೆಯಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗೆ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆದ ಮೇಲೆ ಬೆಂಗಳೂರಿನ ಗಿರಾಕಿಗೆ ಈ ಪ್ರದೇಶ ಇನ್ನಷ್ಟು ಹತ್ತಿರವಾಗಿದೆ. ಮಾರಿಕುಪ್ಪಂ ಮತ್ತು ಬಂಗಾರಪೇಟೆಯ ನಿಲ್ದಾಣಗಳಿಂದ ಪ್ರತಿದಿನ ಮುಂಜಾನೆ ದುಡಿಯುವ ಕೈಗಳು ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತವೆ. ಆ ನಗರದ ಕೆಲಸದಲ್ಲಿ ಒಂದಿಷ್ಟಾದರೂ ಎದುರು ದಿಕ್ಕಿನಲ್ಲಿ ಪ್ರಯಾಣ ಮಾಡಿ ಇಲ್ಲಿಗೆ ಬಂದರೆ, ಕೆಲವು ಮನೆಗಳ ಯಜಮಾನರು ಸಂಜೆಯ ಊಟಕ್ಕೆ ಮಕ್ಕಳೊಡನೆ ಕೂರುವಂತಾಗುತ್ತದೆ.