ಸೊಸೆವೂರಿನ ಅರಸುಮನೆ ಮತ್ತು ಸಿಂದಿಗೆರೆಯ ಹೆಣ್ಣುಮಕ್ಕಳು

ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮದ ಹೆಸರು ನಮ್ಮ ಕುಟುಂಬಗಳಿಗೆ ಹೊಸತಲ್ಲ. ಕಾಫಿ ತೋಟಗಳ ನಡುವಿನ ಈ ಊರೇ ಶಾಸನಗಳಲ್ಲಿ ಬರುವ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ವಾಸಂತಿಕಾ ದೇವಿಯ ಗುಡಿಯ ಬಳಿ ಸಳನು ಹುಲಿಯನ್ನು ಹೊಡೆದ ಐತಿಹ್ಯವನ್ನು ಶಾಲೆಯ ಮಕ್ಕಳೂ ಬಲ್ಲರು. ನಮ್ಮ ಲಕ್ಷ್ಯವಿರುವುದು ಹುಲಿಯ ಮೇಲಲ್ಲ, ಆ ಮನೆಯೊಳಗಿನ ಬಾಳಿನ ಮೇಲೆ.

ಸುಮಾರು 1047ರಿಂದ 1098ರವರೆಗೆ ಆಳಿದ ವಿನಯಾದಿತ್ಯನು ಸ್ವತಂತ್ರ ರಾಜನಲ್ಲ, ಕಲ್ಯಾಣದ ಚಾಲುಕ್ಯರ ಸಾಮಂತ. ಜರ್ಮನಿಯಲ್ಲಿ ಚಕ್ರವರ್ತಿಯ ಅಧೀನದಲ್ಲಿದ್ದು ಸೀಮೆಯನ್ನಾಳುತ್ತಿದ್ದ ಕೌಂಟರ ಸ್ಥಾನವೂ ಬಹುಮಟ್ಟಿಗೆ ಇಂಥದೇ. ಮಲೆಯ ಪಾಳೆಯಗಾರರನ್ನು ಅಡಗಿಸಿದ ಈ ವಂಶದವರು ‘ಮಲೆಪರೊಳ್ಗಂಡ’ ಎಂಬ ಬಿರುದು ಧರಿಸಿದರು. ವಿನಯಾದಿತ್ಯನ ಗುರು, ಜೈನ ಮುನಿ ಶಾಂತಿದೇವರು 1062ರಲ್ಲಿ ತೀರಿಕೊಂಡಾಗ ಅಂಗಡಿಯಲ್ಲೇ ಅವರ ಸ್ಮಾರಕಶಿಲೆ ನಿಂತಿತು.

ಆದರೆ ಒಂದು ಮನೆತನವು ಕತ್ತಿಯಿಂದ ಮಾತ್ರ ಬೆಳೆಯುವುದಿಲ್ಲ. ವಿನಯಾದಿತ್ಯನ ಪತ್ನಿ ಕೆಳೆಯಬ್ಬೆಯು ಮರಿಯಾನೆ ದಂಡನಾಯಕನನ್ನು ತನ್ನ ತಮ್ಮನಂತೆ ಕಂಡು, ಅವನಿಗೆ ದೇಕವ್ವೆಯನ್ನು ತಂದು ಮದುವೆ ಮಾಡಿಸಿ, ಸಿಂದಿಗೆರೆಯ ಪ್ರಭುತ್ವವನ್ನು ಕೊಡಿಸಿದಳು. ಈಗ ಚಿಕ್ಕಮಗಳೂರು ತಾಲ್ಲೂಕಿಗೆ ಸೇರಿದ ಸಿಂದಿಗೆರೆಯ ಶಾಸನ ಇದನ್ನು ತಿಳಿಸುತ್ತದೆ. ರಕ್ತಸಂಬಂಧವಿಲ್ಲದ ಯೋಧನೊಬ್ಬನು ಅರಸಿಯ ಅಕ್ಕರೆಯಿಂದ ಮನೆಯವನಾದನು. ಮುತ್ಸದ್ದಿತನವೆಂಬ ಮಾತನ್ನು ಇತಿಹಾಸಕಾರರು ಗಂಡಸರಿಗೇ ಮೀಸಲಿಡುವುದೇಕೋ ನಮಗೆ ತಿಳಿಯದು.

ವಿನಯಾದಿತ್ಯನ ಮಗ ಎರೆಯಂಗ, ಸೊಸೆ ಏಚಲದೇವಿ, ಮೊಮ್ಮಕ್ಕಳು ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯ. ಹಿರಿಯನಾದ ಬಲ್ಲಾಳನು 1103ರಲ್ಲಿ ಅದೇ ದಂಡನಾಯಕರ ಮನೆತನದ ಇನ್ನೊಬ್ಬ ಮರಿಯಾನೆಯ ಮೂವರು ಹೆಣ್ಣುಮಕ್ಕಳಾದ ಪದ್ಮಲದೇವಿ, ಚಾಮಲದೇವಿ, ಬೊಪ್ಪಾದೇವಿಯರನ್ನು ಒಂದೇ ದಿನ, ಒಂದೇ ಚಪ್ಪರದಡಿ ವರಿಸಿದನು. ಅವರು ವಿದ್ಯೆಯಲ್ಲಿ, ಗಾನ ನರ್ತನಗಳಲ್ಲಿ ನಿಪುಣೆಯರೆಂದು ಶಾಸನವು ಹೊಗಳುತ್ತದೆ. ಅವರಿಗೆ ಹಾಲುಣಿಸಿ ಬೆಳೆಸಿದ ಋಣಕ್ಕಾಗಿ ಸಿಂದಿಗೆರೆಯನ್ನು ತಂದೆಗೆ ಮತ್ತೊಮ್ಮೆ ಕೊಡಲಾಯಿತು.

ತಾಯ ಹಾಲಿಗೆ ಊರೊಂದು ಬೆಲೆಯೆ? ಋಣವನ್ನು ಒಪ್ಪಿಕೊಂಡ ಆ ಸೌಜನ್ಯವನ್ನು ನಾವು ಹಳಿಯುವುದಿಲ್ಲ. ಆದರೆ ಆ ಮೂವರು ಒಪ್ಪಿದ್ದರೇ ಎಂಬುದನ್ನು ಹೇಳಬೇಕೆಂದು ಶಾಸನ ಬರೆಸಿದವರಿಗೆ ತೋರಲೇ ಇಲ್ಲ. ಪಶ್ಚಿಮದವರು ಮೇಲೆಂದು ನಾವು ಬೀಗುವಂತೆಯೂ ಇಲ್ಲ. ವಧೂವರರ ಸಮ್ಮತಿಯೇ ವಿವಾಹದ ಜೀವಾಳವೆಂದು ಧರ್ಮಸಭೆಯು ಅದೇ 12ನೇ ಶತಮಾನದಲ್ಲಿ ಸ್ಪಷ್ಟಪಡಿಸಿದ ಮೇಲೂ, ಹಂಗೇರಿಯ ಎಲಿಜಬೇತಳನ್ನು 1211ರಲ್ಲಿ, ನಾಲ್ಕನೆಯ ವಯಸ್ಸಿನಲ್ಲಿ, ಜರ್ಮನಿಯ ತುರಿಂಗಿಯಾದ ಪ್ರಭುಗಳ ಮನೆಗೆ ಭಾವಿ ಸೊಸೆಯಾಗಿ ಕರೆತಂದರು. ಮುಂದೆ ಸಂತಳಾದ ಆಕೆಗೆ ಪತಿ ಲುಡ್ವಿಗ್‌ನ ನಿಜವಾದ ಪ್ರೀತಿ ದೊರಕಿತು. ಅದು ದೇವರ ಕೃಪೆ; ಹಿರಿಯರ ಲೆಕ್ಕಾಚಾರದ ಫಲವಲ್ಲ. ಮಗಳ ಮದುವೆಯನ್ನು ತೋಟದ ಎಕರೆಗಳಲ್ಲಿ ಅಳೆಯುವ ಮಾತು ನಮ್ಮ ಮನೆಗಳಲ್ಲೂ ಆಗಾಗ ಕೇಳಿಬರುವುದರಿಂದಲೇ ಇಷ್ಟನ್ನು ಬರೆಯಬೇಕಾಯಿತು.

ಬಲ್ಲಾಳನು ಹೆಚ್ಚು ಕಾಲ ಬಾಳಲಿಲ್ಲ. 1108ರ ಹೊತ್ತಿಗೆ ತಮ್ಮ ಬಿಟ್ಟಿದೇವನು ಪಟ್ಟಕ್ಕೆ ಬಂದನು, ಅವನೇ ವಿಷ್ಣುವರ್ಧನ. ಅವನ ಕಾಲದಲ್ಲಿ ಸಿಂದಿಗೆರೆಯು ಮೂರನೆಯ ಬಾರಿ ಅದೇ ಮನೆತನದ ಮರಿಯಾನೆ ಮತ್ತು ಭರತ ಎಂಬ ದಂಡನಾಯಕ ಸಹೋದರರ ಕೈಸೇರಿತು.